ಸುಸಲಾದ ಒಲೆ

ನಮ್ಮ ಕೇರಿಯ ತಾಯಂದಿರು ನಸುಕಿನಲ್ಲೇ ಇಳಕಲ್ಲಿನ ಕಲ್ಲು ಪಾಲಿಶ್ ಕಾರ್ಖಾನೆಗಳಿಗೆ ಹೊರಟುಬಿಡುತ್ತಾರೆ. ಸಾಲೆಯ ಊಟ ಮಧ್ಯಾಹ್ನಕ್ಕೆ. ಮಕ್ಕಳು ನಳದ ನೀರು ಕುಡಿದು ಸಾಲೆಗೆ ಹೋಗುತ್ತಿದ್ದವು.

ನನ್ನ ಗಂಡ ಸಿದ್ದಾರ್ಥ ಒಲೆ ಹೂಡಿದ್ದು ಅದಕ್ಕೇ. ಸಮುದಾಯ ಭವನದ ಕಟ್ಟೆಯ ಮೇಲೆ ದಿನಾ ಮುಂಜಾನೆ ಸುಸಲಾ, ನೆನೆಸಿದ ಚುರಮುರಿಯ ಒಗ್ಗರಣೆ. ಗೋಡೆಗೆ ಒಂದು ಫೋಟೊ ಅಂಟಿಸಿದ್ದ. ಅಮೆರಿಕದ ಕಪ್ಪು ಜನರ ಸಂಘಟನೆಯ ಹುಡುಗರು ಮಕ್ಕಳಿಗೆ ನಾಷ್ಟಾ ಹಂಚುತ್ತಿರುವ ಫೋಟೊ. "ಅಲ್ಲಿ ಸರಕಾರ ಇವರ ಬಂದೂಕಿಗಿಂತ ಈ ತಾಟಿಗೇ ಹೆಚ್ಚು ಹೆದರಿತ್ತು ನೋಡು" ಅನ್ನುತ್ತಿದ್ದ. ಮಕ್ಕಳು ತಿಂದು ಹೋದ ಕಟ್ಟೆಯ ಮೇಲೆ ಸಂಜೆ ತಾಯಂದಿರು ಕೂತು ಕೂಲಿ ಹೆಚ್ಚಿಸುವ ಮಾತು ತೆಗೆದರು. ಕೇರಿಗೆ ಪೊಲೀಸ್ ಜೀಪು ಬರತೊಡಗಿದ್ದು ಆಗ.

ಬಾದಾಮಿಗೆ ಮಂತ್ರಿ ಬರುವ ಮುನ್ನಾದಿನ, ಮುಂಜಾಗ್ರತೆ ಎಂದು ಅವನನ್ನು ಒಯ್ದರು. ತಿರುಗಿ ಬಂದದ್ದು ಹೆಣ. ಠಾಣೆಯ ಬಚ್ಚಲಲ್ಲಿ ಜಾರಿ ಬಿದ್ದ, ಅಂದರು.

ನಾನು ಅಳಲಿಲ್ಲ. ದಿನಕರ್ಮ ಮುಗಿದ ಮರುದಿನ ಅತ್ತೆ ಹನಮವ್ವ ಒಲೆ ಹಚ್ಚಿದಳು. ನಾನು ಉಳ್ಳಾಗಡ್ಡಿ ಹೆಚ್ಚಿದೆ.

ಒಂದು ಮುಂಜಾನೆ ಠಾಣೆಯ ಹೊಸ ಸಾಹೇಬ ಬಂದ. ಜೊತೆಗೆ ನಮ್ಮ ಕೇರಿಯವನೇ ಆದ ಪೊಲೀಸ ಯಮನೂರ. ಸಾಹೇಬ ಲಾಠಿಯಿಂದ ಫೋಟೊ ತಟ್ಟಿದ.

"ಯಾರಿವರು? ಯಾವ ಊರಾವ್ರು?"

ಧಾರವಾಡದಲ್ಲಿ ಎಂ.ಎ. ಓದುವಾಗ ಇವರ ಬಗ್ಗೆಯೇ ನಾನು ಪ್ರಬಂಧ ಬರೆದಿದ್ದೆ.

"ಗೊತ್ತಿಲ್ರಿ ಸರ," ಅಂದೆ.

"ನಾ ಹೇಳ್ತೇನಿ ತಗೋರಿ." ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. "ಹಂಚಾಕ ನಿಂತಾನಲ್ರಿ, ಅಂವ ನನ್ನ ಮಗ."

ಯಮನೂರ ನಕ್ಕುಬಿಟ್ಟ. "ಯವ್ವಾ, ಅಂವ ಅಮೆರಿಕಾದಾಂವ."

"ಅಲ್ಲೀನೂ ನಿಮ್ಮಂಥಾ ಪೊಲೀಸ್ರ ಇವ್ರನ್ನ ಕೊಂದಾರಂತಲ್ಲೋ. ಹಂಗಾದ್ರ ನನ್ನ ಮಗನ."

ಯಮನೂರನ ನಗು ನಿಂತಿತು. ಸಾಹೇಬ ನನ್ನ ಕಡೆ ತಿರುಗಿದ.

"ಈಗ ಈ ಒಲಿ ಯಾರು ನಡಸಾಕ್ಹತ್ತೀರಿ?"

ಸೌಟು ನನ್ನ ಕೈಯಲ್ಲಿತ್ತು. ಕೆಳಗಿಟ್ಟೆ. ಇಟ್ಟ ಸಪ್ಪಳ ಸಾಲಿನಲ್ಲಿ ಕೂತ ಮಕ್ಕಳಿಗೆಲ್ಲ ಕೇಳಿಸಿತು.

"ನಾನ," ಅಂದಳು ಅತ್ತೆ.

ಅವಳನ್ನೂ ಫೋಟೊವನ್ನೂ ಜೀಪಿಗೆ ಹಾಕಿಕೊಂಡರು. ಹೋಗುವಾಗ ಸಾಹೇಬ ಕೇರಿಗೆಲ್ಲ ಕೇಳುವಂತೆ ಕೂಗಿದ, "ಇಲ್ಲಿಗೆ ಮಕ್ಕಳನ್ನ ಕಳಿಸಿದವರನ್ನೂ ಠಾಣೆಗೆ ಕರಸ್ತೇನಿ!" ಬಾಗಿಲುಗಳು ಮುಚ್ಚಿಕೊಂಡವು.

ಸಂಜೆ ಅತ್ತೆ ನಡೆದೇ ಬಂದಳು. ಇಡೀ ದಿನ ಠಾಣೆಯಲ್ಲಿ ಬೂಟುಗಳ ಪಕ್ಕ ನೆಲದ ಮೇಲೆ ಕೂರಿಸಿದ್ದರಂತೆ. ನೀರು ಕೊಟ್ಟೆ. ತಲೆ ಎತ್ತಲಾಗಲಿಲ್ಲ.

"ಅತ್ತೀ, ನಾ..."

"ಉಂಡಿಯೇನು?"

"ಇಲ್ಲ."

"ಉಣ್ಣ ಹೋಗು. ನಾಳಿ ನನ್ನ ಸೊಂಟ ಏಳಂಗಿಲ್ಲ. ಚುರಮುರಿ ಭಾಳ ಹೊತ್ತು ನೀರಾಗ ಬಿಡಬ್ಯಾಡ, ಮುದ್ದಿ ಆಗ್ತಾವ."

ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಮರುದಿನ ಒಬ್ಬಳೇ ಒಲೆ ಹಚ್ಚಿದೆ. ಚುರಮುರಿ ಭಟ್ಟಿಯ ಖೈರುನಬಿ ಚೀಲ ಹೊತ್ತು ತಂದಳು.

"ನನ್ನ ಭಟ್ಟಿನೂ ಮುಚ್ಚಸ್ತಾರಂತ. ಮುಚ್ಚಸಲಿ, ಹೊಗಿ ಕುಡದ ಕುಡದ ನನಗೂ ಸಾಕಾಗೇತಿ."

ಮಕ್ಕಳು ಬರಲಿಲ್ಲ. ಮನೆಮನೆಯ ಮುಂದೆ ನಿಂತು ಹೆಸರು ಹಿಡಿದು ಕರೆದೆ. ನಿನ್ನೆ ನಾನು ಸೌಟು ಕೆಳಗಿಟ್ಟದ್ದನ್ನು ನೋಡಿದ ಮಕ್ಕಳು ಬರಲು ತಡಮಾಡಿದವು. ಕೆಲವು ಬಂದವು. ಯಮನೂರನ ಮಗಳೂ ಬಂದಳು.

ಜೀಪು ನಿಂತಿತು. "ಇವತ್ತ ಯಾರು?" ಅಂದ ಸಾಹೇಬ.

"ನಾನ್ರಿ. ವಿದ್ಯಾ, ಸಿದ್ದಾರ್ಥನ ಹೆಂಡತಿ. ಆ ಫೋಟೊದಾಗಿನವರೂ ಗೊತ್ತು. ನಿನ್ನೆ ಸುಳ್ಳು ಹೇಳಿದೆ."

"ಹತ್ತ ಗಾಡಿ."

ಯಮನೂರ ಬಾಗಿಲು ತೆರೆದ. ಬಾಯಿ ತುಂಬ ಸುಸಲಾ ತುಂಬಿಕೊಂಡ ಮಗಳು ಅವನನ್ನೇ ನೋಡುತ್ತಿದ್ದಳು. ಅವನು ನೆಲ ನೋಡಿದ. ನನ್ನ ನಾಚಿಕೆಯೂ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಅತ್ತೆ ಕೂತಿದ್ದ ಸೀಟಿನ ಮೇಲೇ ನಾನೂ ಕೂತೆ.

ಹಿಂದಿನಿಂದ ಖೈರುನಬಿ ಕೂಗಿದಳು. ಸೌಟು ಅವಳ ಕೈಯಲ್ಲಿತ್ತು.

"ವಿದ್ಯಾ, ಉಪ್ಪ ಎಷ್ಟ ಹಾಕ್ತಿದ್ದಿ, ಹೇಳಿ ಹೋಗ!"

ನಾನು ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯ ಬಾಗಿಲು ಸರಿಯಿತು. ನಿನ್ನೆ ಅಗಳಿ ಹಾಕಿಕೊಂಡಿದ್ದ ಮುದುಕಿ ಶಾರವ್ವ ಮೊಮ್ಮಗನ ಕೈ ಹಿಡಿದು ಹೊರಗೆ ಬಂದಳು.

"ಆಕಡೆ ಸರಿ," ಅಂದಳು ಖೈರುನಬಿಗೆ. "ನಾ ಹಾಕ್ತೇನಿ."