ಟರ್ಕಿ ಮೊಟ್ಟೆಯ ನೀಲಿ ಗೆರೆ

ಮೆಟ್ಟಿಲ ಕೆಳಗಿನ ಆ ಜಾಗವನ್ನು ಕೋಣೆ ಅನ್ನುವುದು ಮರ್ಯಾದೆಗೆ ಅಷ್ಟೇ. ಒಳಗೆ ಒಬ್ಬರು ಸೀನಿದರೆ ಇನ್ನೊಬ್ಬರು ಹೊರಗೆ ಹೋಗಿ ನಿಲ್ಲಬೇಕು. ಅಂಥ ಜಾಗದಲ್ಲಿ ಟೈಲರನ ಹೆಂಡತಿ ಕರೆಂಟಿನ ಕಾವು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಒಂದು ಟರ್ಕಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದಿದ್ದಳು.

ಮೊದಲ ವಾರ ಅವಳೇ ಗಂಡನ ನೀಲಿ ಚಾಕ್ ತಂದು ಮೊಟ್ಟೆ ಮೊಟ್ಟೆಗೂ ಒಂದು ಗೆರೆ ಎಳೆದಿದ್ದಳು. ಗೆರೆಯ ಮೇಲೆ ಟಾರ್ಚಿಗೆ ಹೊಳೆಯುವ ಗಾಳಿ, ಗೆರೆಯ ಕೆಳಗೆ ಮರಿ. ಕಾವಿಗಿಟ್ಟ ಮೊಟ್ಟೆ ದಿನಾ ಒಂದಿಷ್ಟು ನೀರು ಆರಿಸಿಕೊಂಡು ಹಗುರಾಗಬೇಕು, ಆ ಗಾಳಿಯ ಜಾಗ ಕೆಳಕ್ಕೆ ಕೆಳಕ್ಕೆ ಬೆಳೆಯಬೇಕು. ಹೊರಗೆ ಬರುವ ಮುಂಚೆ ಮರಿ ಕೊಕ್ಕನ್ನು ಮೊದಲು ತೂರಿಸುವುದೇ ಅಲ್ಲಿಗೆ, ಮೊದಲ ಉಸಿರು ಎಳೆಯುವುದೇ ಅಲ್ಲಿ. ಆ ಜಾಗ ಇಲ್ಲದಿದ್ದರೆ ಪಾಪದ್ದು ತನ್ನ ನೀರಿನಲ್ಲೇ ಮುಳುಗಿ ಸಾಯುತ್ತದೆ. ಈಗ ಮೂರು ವಾರ ಕಳೆದಿದೆ, ಇನ್ನೊಂದೇ ವಾರ ಬಾಕಿ. ಬೆಳಕು ಇನ್ನೂ ನೀಲಿ ಗೆರೆಯ ಹತ್ತಿರವೇ ನಿಂತಿತ್ತು, ಅಂಟು ಹಾಕಿ ಕೂರಿಸಿದ ಹಾಗೆ.

ಇನ್ನೊಂದು ಮೊಟ್ಟೆ ತೆಗೆದಳು. ಅದೂ ಹಾಗೇ. ಮತ್ತೊಂದು. ಅದೂ ಹಾಗೇ.

ಇವು ಹೋದರೆ ಹೋಯಿತು, ಮತ್ತೆ ತರುವುದು ಎಲ್ಲಿಂದ? ಅವಳ ತಾಯಿ ಕೊನೆಗಾಲದಲ್ಲಿ ಕೈಗಿತ್ತ ಜೋಡಿಯಿಂದ ಬೆಳೆದ ಹಿಂಡು ಅದು. ಕಂಚಿನ ಮೈ, ಬಾಲದಲ್ಲಿ ಒಂದೇ ಒಂದು ಬಿಳಿ ಗರಿ. ಹುಂಜವಂತೂ ಬಾಲ ಬಿಚ್ಚಿ ನಿಂತರೆ ಓಣಿಯಲ್ಲಿ ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ತಾಯಿಯ ಒಂದು ಸೀರೆಯೂ ಮಗಳ ಹತ್ತಿರ ಉಳಿದಿರಲಿಲ್ಲ. ಉಳಿದದ್ದು ಆ ಹಕ್ಕಿಗಳು ಮಾತ್ರ. ಒಂದು ಬೆಳಿಗ್ಗೆ ಹಿತ್ತಲ ಗೂಡಿನ ಬಾಗಿಲು ತೆರೆದೇ ಇತ್ತು, ಬೀದಿ ನಾಯಿಗಳು ನುಗ್ಗಿದ್ದವು. ಉಳಿದದ್ದು ಹಿತ್ತಲ ತುಂಬ ಗರಿ, ಅಡುಗೆಮನೆಯ ಬುಟ್ಟಿಯಲ್ಲಿ ಆ ವಾರದ ಮೊಟ್ಟೆ. ಈಗ ಪೆಟ್ಟಿಗೆಯಲ್ಲಿರುವುದು ಅವೇ.

ಚಿಲಕ ಹಾಕದವರು ಯಾರು? ಹೆಂಡತಿ ಹೇಳಿದಳು, ನಾದಿನಿ. ನಾದಿನಿ ಹೇಳಿದಳು, ಅತ್ತಿಗೆ. ಅವತ್ತಿನಿಂದ ಇಬ್ಬರ ಬಾಯಿಗೂ ಬೀಗ. ನಾದಿನಿ ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದವಳು, ಮುಂದಿನ ಅಂಗಡಿಯಲ್ಲಿ ಅಣ್ಣ ಹೊಲಿದ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದಳು. ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ನಿಂತುಕೊಂಡು ಇಬ್ಬರೂ ಟೈಲರನ ಮೂಲಕ ಮಾತಾಡುತ್ತಿದ್ದರು.

"ಅಣ್ಣಾ, ಅತ್ತಿಗೆಗೆ ಹೇಳು, ಉಪ್ಪು ಮುಗಿದಿದೆ ಅಂತ."

"ರೀ, ನಿಮ್ಮ ತಂಗಿಗೆ ಹೇಳಿ, ಕಣ್ಣಿದ್ದರೆ ಡಬ್ಬಿ ಹಿಂದೆ ನೋಡಲಿ ಅಂತ."

ಟೈಲರ್ ಕತ್ತಿಗೆ ಟೇಪು ನೇತುಹಾಕಿಕೊಂಡು ಎರಡನ್ನೂ ಅಕ್ಷರ ಬಿಡದೆ ಒಪ್ಪಿಸುತ್ತಿದ್ದ. ಆ ತಿಂಗಳು ಅವನು ಎಷ್ಟು ಸೊರಗಿದನೆಂದರೆ, ಸ್ವಂತ ಸೂಜಿಯ ಕಣ್ಣಲ್ಲಿ ತೂರಿ ಆಚೆ ಬರಬಹುದಿತ್ತು.

ಹೆಂಡತಿ ಟಾರ್ಚ್ ಆರಿಸಿ ಕಾವು ಪೆಟ್ಟಿಗೆಯ ಒಳಗೆ ಕೈಯಾಡಿಸಿದಳು. ಪೆಟ್ಟಿಗೆಯ ತಳದಲ್ಲಿ ಎರಡು ಕಾಲುವೆ. ಸಣ್ಣದಕ್ಕೆ ಮೊದಲಿಂದಲೂ ನೀರು, ದೊಡ್ಡದಕ್ಕೆ ಮರಿ ಚಿಪ್ಪು ಒಡೆಯುವ ಕೊನೆಯ ದಿನಗಳಲ್ಲಿ ಮಾತ್ರ. ಬೆರಳಿಗೆ ದೊಡ್ಡ ಕಾಲುವೆಯ ನೀರು ಸಿಕ್ಕಿತು. ತುಂಬಿ ತುಳುಕುವಷ್ಟು. ಮೂಲೆಯಲ್ಲಿ ಏನೋ ಮೆತ್ತಗೆ ತಾಗಿತು, ಎಳೆದರೆ ಒದ್ದೆ ಸ್ಪಂಜು. ಇಸ್ತ್ರಿಗೆ ಮುಂಚೆ ಕಾಲರ್ ಒದ್ದೆ ಮಾಡುವ ಸ್ಪಂಜು.

ಸ್ಪಂಜನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಅಂಗಡಿಗೆ ನುಗ್ಗಿದಳು. ಟೈಲರ್ ಪ್ಯಾಂಟಿಗೆ ಜಿಪ್ಪು ಕೂರಿಸುತ್ತಿದ್ದ. ನಾದಿನಿ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದಿದ್ದಳು.

"ರೀ, ನಿಮ್ಮ ತಂಗಿಗೆ..." ಎಂದು ಶುರು ಮಾಡಿ ಅಲ್ಲೇ ನಿಂತಳು. ಗಂಡನ ಬಾಯಿಂದ ಹೋಗಿ ಬರುವಷ್ಟು ಹೊತ್ತು ಈಗ ಇರಲಿಲ್ಲ. ನೇರ ತಿರುಗಿದಳು. "ಇದನ್ನ ಪೆಟ್ಟಿಗೆಯೊಳಗೆ ಇಟ್ಟವಳು ನೀನೇನಾ?"

ಅಷ್ಟು ದಿನದ ಮೇಲೆ ಅತ್ತಿಗೆಯ ದನಿ ತನಗೇ ಬಂದದ್ದಕ್ಕೆ ನಾದಿನಿ ಇಸ್ತ್ರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದಳು.

"ನಾನೇ. ಹೋದ ಸಲ ಮರಿ ಒಣಗಿ ಪೊರೆಗೆ ಅಂಟ್ಕೊಂಡು ಸತ್ತವಲ್ಲ. ನೀವು ಅವತ್ತು ಊಟ ಬಿಟ್ಟಿರಿ. ಈ ಸಲ ಹಾಗಾಗಬಾರದು ಅಂತ ದಿನಾ ಒದ್ದೆ ಮಾಡಿ ಇಡ್ತಿದ್ದೆ. ಕೇಳೋಣ ಅಂದ್ರೆ ನೀವು ಮಾತಾಡ್ತಿರಲಿಲ್ಲ."

"ದೊಡ್ಡ ಕಾಲುವೆಗೆ ನೀರು?"

"ಅದು ನಾನಲ್ಲ."

ಇಬ್ಬರೂ ಟೈಲರನ ಕಡೆ ನೋಡಿದರು. ಅವನು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದ, ಆದಷ್ಟು ನಿಧಾನವಾಗಿ.

"ಒಣಗಿತ್ತು ಕಣೇ. ನಿನಗೆ ಮರೆತುಹೋಗಿದೆ ಅಂದ್ಕೊಂಡೆ. ಹೇಳಿದ್ರೆ ನನ್ನ ಮೇಲೆ ಎಗರ್ತೀಯ ಅಂತ ಸುಮ್ಮನೆ ತುಂಬಿಸ್ತಾ ಬಂದೆ."

"ಕೊಂದ್ರಿ. ಅಣ್ಣ ತಂಗಿ ಸೇರಿ ನನ್ನ ಅಮ್ಮನ ಹಕ್ಕಿಗಳನ್ನ ನೀರಿಗೆ ತಳ್ಳಿ ಕೊಂದ್ರಿ." ಅವಳು ಕೂಗಲಿಲ್ಲ. ಕೂಗಿದ್ದರೆ ಅವರಿಬ್ಬರಿಗೂ ಎಷ್ಟೋ ಹಗುರವಾಗುತ್ತಿತ್ತು.

ನಾದಿನಿ ಇಸ್ತ್ರಿ ಕೆಳಗಿಟ್ಟು ಸೀದಾ ಮೆಟ್ಟಿಲ ಕೆಳಗೆ ಹೋದಳು. ಪೆಟ್ಟಿಗೆಯ ಸುತ್ತ ಕೈಯಾಡಿಸಿ ಕೇಳಿದಳು, "ಅತ್ತಿಗೆ, ಮತ್ತೆ ಈ ಗಾಳಿ ತೂತುಗಳಿಗೆ ಬಟ್ಟೆ ತುರುಕಿದ್ದು ಯಾರು? ನಾನಂತೂ ಮುಟ್ಟಿಲ್ಲ."

ಪೆಟ್ಟಿಗೆಯ ಎರಡೂ ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ತೂತುಗಳಿದ್ದವು. ಒಂದಕ್ಕೆ ಹೂವಿನ ಬಟ್ಟೆ, ಒಂದಕ್ಕೆ ಗೆರೆಯ ಬಟ್ಟೆ, ಒಂದಕ್ಕೆ ಯಾರದೋ ಶರ್ಟಿನ ತೋಳಿನ ತುಂಡು, ಅಚ್ಚುಕಟ್ಟಾಗಿ ಸುರುಳಿ ಸುತ್ತಿ ತುರುಕಿತ್ತು. ಟೈಲರನ ಹೆಂಡತಿ ಅವುಗಳನ್ನು ನೋಡಿದಳು. ಹಿತ್ತಲ ಕಡೆಯಿಂದ ಬರುವ ತಣ್ಣನೆ ಗಾಳಿಗೆ ಮರಿಗಳು ನಡುಗುತ್ತವೆಂದು ಮೊದಲ ದಿನವೇ ತುರುಕಿದ್ದವಳು ಅವಳೇ. ಹಬೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಅಲ್ಲೇ ನೆಲಕ್ಕೆ ಕೂತು ಒಂದೊಂದೇ ತುಂಡು ಎಳೆದು ತೆಗೆದಳು. ನಾದಿನಿ ಎದುರು ಕೂತು ಆ ಕಡೆಯವನ್ನು ತೆಗೆದಳು. ಟೈಲರ್ ಕಾಲುವೆಯ ನೀರನ್ನು ಬಟ್ಟೆಯಲ್ಲಿ ಹೀರಿ ಹೀರಿ ಬಕೆಟ್ಟಿಗೆ ಹಿಂಡಿದ. ಆ ಬಕೆಟ್ಟಿನ ನೀರಿನಲ್ಲಿ ಒಂದು ಎಮ್ಮೆ ತೊಳೆಯಬಹುದಿತ್ತು.

ಆಮೇಲಿನ ದಿನಗಳು ಹೇಗೆ ಹೋದವೆಂದು ಕೇಳಬೇಡಿ. ಮೂವರೂ ಕಾವು ಪೆಟ್ಟಿಗೆಯ ಸುತ್ತ ಬೆಕ್ಕಿನ ಹಾಗೆ ಸುತ್ತಿದರು. ಚಾಕಿನ ಗೆರೆಯಿಂದ ಬೆಳಕು ಇಷ್ಟಿಷ್ಟೇ ಕೆಳಗಿಳಿಯಿತು, ಬಾಡಿಗೆದಾರ ಮನೆ ಖಾಲಿ ಮಾಡುವಷ್ಟು ನಿಧಾನವಾಗಿ. ಕೆಲವು ಮೊಟ್ಟೆಗಳಲ್ಲಿ ಒಂದು ಬೆರಳಗಲ ಇಳಿಯಿತು, ಕೆಲವದರಲ್ಲಿ ಉಗುರಿನಷ್ಟೂ ಇಲ್ಲ. ಇನ್ನೂ ಒಣಗಿಸಲು ಕಾಲವಿರಲಿಲ್ಲ. ಒಳಗಿನ ಮರಿಗಳು ಚಿಪ್ಪಿಗೆ ಮೈ ಒರಗಿಸಿ ತಿರುಗತೊಡಗಿದ್ದವು.

ಚಿಪ್ಪು ಒಡೆಯುವ ಹೊತ್ತಿಗೆ ಲೆಕ್ಕ ತಲೆಕೆಳಗಾಗುತ್ತದೆ. ಈಗ ತೇವ ಬೇಕು, ಇಲ್ಲದಿದ್ದರೆ ಪೊರೆ ಒಣಗಿ ಮರಿಗೆ ಬಿಗಿಯುತ್ತದೆ. ಗಾಳಿಯೂ ಮೊದಲಿಗಿಂತ ಹೆಚ್ಚು ಬೇಕು, ಅಷ್ಟು ಮರಿಗಳು ಒಟ್ಟಿಗೆ ಉಸಿರಾಡುತ್ತವೆ. ತೂತು ತೆರೆದರೆ ತೇವ ಓಡುತ್ತದೆ, ಮುಚ್ಚಿದರೆ ಗಾಳಿ ಸಾಯುತ್ತದೆ. ಅವಳು ದೊಡ್ಡ ಕಾಲುವೆಗೆ ಬಿಸಿನೀರು ಹಾಕಿ, ತೂತುಗಳನ್ನು ಅರ್ಧ ಮುಚ್ಚಿ, ಮುಚ್ಚಳ ಹಾಕಿದಳು.

"ಇನ್ನು ಯಾರೂ ತೆಗೀಬೇಡಿ. ಮನೆಗೆ ಬೆಂಕಿ ಬಿದ್ರೂ ಈ ಮುಚ್ಚಳ ತೆಗೀಬೇಡಿ."

ಮಧ್ಯಾಹ್ನದ ಹೊತ್ತಿಗೆ ಒಂದು ಮೊಟ್ಟೆಯಲ್ಲಿ ನಕ್ಷತ್ರದ ಹಾಗೆ ಬಿರುಕು ಬಿತ್ತು. ಇನ್ನೊಂದರಲ್ಲೂ ಬಿತ್ತು. ಮತ್ತೊಂದರಲ್ಲಿ ತೂತೇ ಬಿದ್ದು ಕೊಕ್ಕು ಕಾಣಿಸಿತು, ಬಾಯಿ ಕಳೆದು ಏದುತ್ತಿತ್ತು. ಮುಚ್ಚಳದ ಗಾಜಿನ ಮೇಲೆ ಹನಿಗಳು ಕೂಡಿ ಧಾರೆ ಧಾರೆಯಾಗಿ ಇಳಿಯುತ್ತಿದ್ದವು.

"ಉಸಿರು ಕಟ್ತಿದೆ," ಎಂದು ಅವಳು ಅರ್ಧ ಮುಚ್ಚಿದ್ದ ತೂತುಗಳನ್ನೆಲ್ಲ ತೆರೆದಳು. ಗಾಜು ತಿಳಿಯಾಯಿತು, ಏದುಸಿರು ನಿಂತಿತು. ಆದರೆ ಸ್ವಲ್ಪ ಹೊತ್ತಿಗೆ ತೂತಿನ ಅಂಚಿನ ಪೊರೆ ಬಿಳಿ ಹೋಗಿ ಹಳದಿಗೆ ತಿರುಗತೊಡಗಿತು. ಹೋದ ಸಲದ ಅದೇ ಹಳದಿ. ಅವಳು ತಲೆ ಹಿಡಿದುಕೊಂಡಳು.

"ಮುಚ್ಚಿದ್ರೆ ಸಾಯ್ತವೆ, ತೆರೆದ್ರೆ ಸಾಯ್ತವೆ. ನನ್ನ ಕೈಯೇ ಸರಿಯಿಲ್ಲ ಕಣೆ. ಅಮ್ಮ ಯಾಕಾದ್ರೂ ನನಗೆ ಕೊಟ್ಟಳೋ."

ನಾದಿನಿ ಅಂಗಡಿಗೆ ಹೋಗಿ ಲಂಗಕ್ಕೆ ಹಾಕುವ ಹತ್ತಿ ಲಾಡಿಯ ಸುರುಳಿ ತಂದಳು. ಒಂದು ಪಾತ್ರೆ ಬಿಸಿನೀರು ಪಕ್ಕಕ್ಕಿಟ್ಟು, ಒದ್ದೆ ಲಾಡಿಯ ಒಂದು ತುದಿಯನ್ನು ಗಾಳಿ ತೂತಿನೊಳಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ನೀರಿನಲ್ಲಿ ಮುಳುಗಿಸಿದಳು. ತೂತಿನಲ್ಲಿ ಲಾಡಿಯ ಪಕ್ಕ ಗಾಳಿಗೂ ಜಾಗವಿತ್ತು.

"ಬತ್ತಿ ಎಣ್ಣೆ ಹೀರಲ್ವಾ, ಹಾಗೆ. ಮುಚ್ಚಳ ತೆಗೆಯೋದೂ ಬೇಡ."

ಅತ್ತಿಗೆ ಅವಳ ಮುಖ ನೋಡಿದಳು. "ಇನ್ನೆರಡು ತೂತಿಗೂ ಇಳಿಬಿಡು," ಎಂದಳು.

ಸಂಜೆಯಾಗುವ ಮುಂಚೆ ಒಂದು ಮರಿ ಹೊರಬಂತು. ಒದ್ದೆ ಚಿಂದಿಯ ಹಾಗೆ ಬಿದ್ದುಕೊಂಡು, ಇಡೀ ಓಣಿಗೆ ಕೇಳುವಂತೆ ಕಿರುಚಿತು. ಮಿಕ್ಕ ಮೊಟ್ಟೆಗಳು ಗಪ್‌ಚುಪ್.

"ಒಂಟಿಯಾಗಿ ಅಳ್ತಿದೆ ಅತ್ತಿಗೆ, ತೆಗೆದುಬಿಡ್ಲಾ?"

"ಬೇಡ. ಅಳಲಿ. ಅದರ ದನಿ ಕೇಳಿಯಾದರೂ ಒಳಗಿನವು ಒದ್ದಾಡ್ಲಿ."

ಟೈಲರ್ ತಡೆಯಲಾರದೆ, "ನಾವೇ ಒಂಚೂರು ಚಿಪ್ಪು ಬಿಡಿಸಿ..." ಎಂದ. ಹೆಂಡತಿ ನೋಡಿದ ನೋಟಕ್ಕೆ ಅವನು ಹಿಂದೆ ಸರಿದ. ಹೋದ ಸಲ ಹಾಗೆ ಬಿಡಿಸಿದ ಮರಿ ಅವಳ ಅಂಗೈಯಲ್ಲೇ ರಕ್ತ ಹರಿದು ಸತ್ತುಹೋಗಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

ಒಂಟಿ ಮರಿ ಕಿರುಚುತ್ತಲೇ ಇತ್ತು. ಒಂದು ಮೊಟ್ಟೆಯಿಂದ ಕ್ಷೀಣವಾಗಿ ಉತ್ತರ ಬಂತು. ಅದು ಅಲ್ಲಾಡಿತು. ಬೆಳಗಾಗುವಷ್ಟರಲ್ಲಿ ಮೂರು ಮರಿಗಳಾದವು. ಮತ್ತೆ ಅಲ್ಲಾಡಿದ ಮೊಟ್ಟೆಯಿಲ್ಲ.

ಕಾದು ಕಾದು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದಾಗ ಉಳಿದವನ್ನು ಅವಳೇ ಒಡೆದು ನೋಡಿದಳು. ಪೂರ್ತಿ ಬೆಳೆದ ಮರಿಗಳು, ರೆಕ್ಕೆಯ ಪುಕ್ಕ ಕೂಡ ಬಂದಿದ್ದವು, ಕೊಕ್ಕು ಗಾಳಿಯ ಜಾಗಕ್ಕೆ ಒಂದು ನೂಲಿನಷ್ಟು ದೂರ. ಚಿಪ್ಪಿನಿಂದ ನೀರು ಸುರಿಯಿತು. ನಾದಿನಿ ಬಕೆಟ್ ಹಿಡಿದಳು. ಯಾರೂ ಯಾರನ್ನೂ ಬೈಯಲಿಲ್ಲ.

ಬದುಕಿದ ಮೂರನ್ನು ರಟ್ಟಿನ ಡಬ್ಬದಲ್ಲಿ ಬಲ್ಬಿನ ಕೆಳಗೆ ಬಿಟ್ಟರು. ಟರ್ಕಿ ಮರಿಯಷ್ಟು ಪೆದ್ದು ಜೀವ ಭೂಮಿಯ ಮೇಲೆ ಇನ್ನೊಂದಿಲ್ಲ. ಅನ್ನದ ರಾಶಿಯ ಮೇಲೆ ನಿಂತು ಹಸಿವಿನಿಂದ ಸಾಯುತ್ತದೆ, ತಿನ್ನುವುದನ್ನೂ ಯಾರಾದರೂ ತೋರಿಸಬೇಕು. ತೋರಿಸುವ ತಾಯಿಯನ್ನು ನಾಯಿಗಳು ತಿಂದಿದ್ದವು.

"ಮೂರೂ ಹುಂಜವೇ ಆದ್ರೆ?" ಎಂದ ಟೈಲರ್.

"ಬಾಯಿ ಮುಚ್ಕೊಂಡು ಬೆರಳು ಆಡ್ಸಿ," ಎಂದಳು ಹೆಂಡತಿ.

ಹೆಂಡತಿ ಬೆರಳ ತುದಿಯಿಂದ ನುಚ್ಚಿನ ತಟ್ಟೆಯನ್ನು ಟಕ್ ಟಕ್ ಕುಟ್ಟಿದಳು, ಕೊಕ್ಕಿನ ಹಾಗೆ. ನಾದಿನಿ ಇಸ್ತ್ರಿ ಸುಟ್ಟ ಬೆರಳಿನಿಂದ ಕುಟ್ಟಿದಳು. ಟೈಲರ್ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ತಗಡಿನ ಟೊಪ್ಪಿಗೆಯನ್ನೂ ತೆಗೆಯದೆ ಕುಟ್ಟಿದ. ಒಂದು ಮರಿ ನುಚ್ಚು ಹೆಕ್ಕಿತು. ಅದನ್ನು ನೋಡಿ ಇನ್ನೊಂದು ಹೆಕ್ಕಿತು. ಮೊದಲು ಹುಟ್ಟಿ ಅಷ್ಟೆಲ್ಲ ಕಿರುಚಿದ ಮೂರನೆಯದು ಮಾತ್ರ ಕಣ್ಣು ಮುಚ್ಚಿ ಸುಮ್ಮನೆ ತೂಗುತ್ತ ನಿಂತಿತ್ತು.

"ಅತ್ತಿಗೆ, ನೀವು ಸ್ವಲ್ಪ ಮಲಗಿ. ನಾನು ಕುಟ್ತೀನಿ."

"ಹಿಂದಿನ ಚಿಲಕ?"

"ಎರಡು ಸಲ ನೋಡಿದೆ."

"ನಾನೂ ಒಂದು ಸಲ ನೋಡಿ ಬರ್ತೀನಿ. ನೀನು ಕುಟ್ತಾ ಇರು, ನಿಲ್ಲಿಸಬೇಡ."

ಅವಳು ಎದ್ದು ಹಿತ್ತಲಿಗೆ ಹೋದಳು. ಒಳಗಿನಿಂದ ಟಕ್ ಟಕ್ ಸದ್ದು ಅವಳ ಹಿಂದೆಯೇ ಬರುತ್ತಿತ್ತು.