ಕಲಿನಾಳ ಹೆಸರಿಗೆ ಓಗೊಟ್ಟವಳು

ದೆನಿತ್ಸಾಗೆ ಹದಿನೆಂಟು ತುಂಬಿದ್ದರೂ ‘ಆಗಲ್ಲ’ ಎಂಬ ಮಾತು ಒಮ್ಮೆಯೂ ಬಾಯಿಗೆ ಬಂದಿರಲಿಲ್ಲ. ಕಾನೂನು ಓದು ಎಂದ ಅಪ್ಪ, ಹೂಂ ಎಂದಳು. ತರಗತಿಯಲ್ಲಿ ಮೇಷ್ಟ್ರು “ನಿನಗೇನನ್ನಿಸುತ್ತೆ?” ಎಂದರೆ ಪುಸ್ತಕಕ್ಕೆ ಏನನ್ನಿಸಿದೆಯೋ ಅದನ್ನೇ ಒಪ್ಪಿಸಿ ಕೂರುತ್ತಿದ್ದಳು. ಇಂಥ ಹುಡುಗಿ ಕಾಲೇಜು ಸೇರಲೆಂದು ತರ್ನೊವೊ ಪಟ್ಟಣಕ್ಕೆ ಬಂದು, ಮಗಳನ್ನು ಕಳೆದುಕೊಂಡ, ಬೀದಿಯವರೆಲ್ಲ ಅತ್ತೆ ಎನ್ನುವ ಪೆನ್ಕಾಳ ಮನೆಯಲ್ಲೇ ಬಾಡಿಗೆ ಕೋಣೆ ಹಿಡಿಯಬೇಕೆ!

ಆ ಕೋಣೆ ಮಗಳು ಕಲಿನಾಳದು. ಅದೇ ವರ್ಷದ ಜೂನ್ ತಿಂಗಳಲ್ಲಿ ನದಿಯಲ್ಲಿ ಮುಳುಗಿ ತೀರಿಕೊಂಡಿದ್ದಳು, ದೆನಿತ್ಸಾಳದೇ ವಯಸ್ಸು. ಸತ್ತವರ ಭಾವಚಿತ್ರವನ್ನು ಹೆಸರಿನ ಸಮೇತ ಅಚ್ಚು ಹಾಕಿಸಿ ಗೇಟಿಗೆ ಅಂಟಿಸುವುದು ಅಲ್ಲಿ ಎಲ್ಲರೂ ಮಾಡುವುದೇ. ನಲವತ್ತನೇ ದಿನಕ್ಕೊಂದು, ವರ್ಷಕ್ಕೊಂದು. ದೆನಿತ್ಸಾ ಬಂದಾಗ ಗೇಟಿನ ಮೇಲಿದ್ದ ಮುಖ ಬಿಸಿಲಿಗೆ ಬೆಳ್ಳಗಾಗಿ, ಕಣ್ಣು ಮೂಗು ಅಳಿಸಿಹೋಗಿದ್ದವು.

ಮೊದಲು ಬಂದದ್ದು ಕೋಟು. “ಚಳಿ ಮಗಾ, ಹಾಕ್ಕೋ. ಸುಮ್ನೆ ಬೀರುವಿನಲ್ಲಿ ಕೊಳೀತಿದೆ,” ಎಂದಳು ಅತ್ತೆ. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಆಮೇಲೆ ಅತ್ತೆಯೇ ಕತ್ತರಿ ಹಿಡಿದು ಅವಳ ಕೂದಲನ್ನು ಭುಜದವರೆಗೆ ಇಳಿಸಿದಳು. ಕುಂಬಳಕಾಯಿ ಎಂದರೆ ದೆನಿತ್ಸಾಗೆ ಆಗದು. “ನಿಂಗಿಷ್ಟ ಅಂತ ಮಾಡ್ದೆ ಕಣೇ” ಎಂದು ಕುಂಬಳಕಾಯಿ ತುಂಬಿದ ಬಾನಿತ್ಸಾ ಎಂಬ ಪದರುಕಡುಬು ತಟ್ಟೆಗೆ ಬಿತ್ತು. ತಿಂದಳು.

ಫೆಬ್ರವರಿಯಲ್ಲೊಂದು ಬೆಳಿಗ್ಗೆ ಅಡುಗೆಮನೆಯಿಂದ “ಕಲಿನಾ!” ಎಂಬ ಕೂಗು ಬಂತು. ಓದುತ್ತಿದ್ದ ದೆನಿತ್ಸಾ “ಬಂದೆ” ಎಂದುಬಿಟ್ಟಳು. ಎಂದ ಮೇಲೆ ಅದು ತನ್ನ ಹೆಸರಲ್ಲ ಎಂದು ಹೊಳೆಯಿತು. ಅಲ್ಲೇ ಹೋಗಿ ತಿದ್ದಬೇಕಿತ್ತು. ಪಾಪ, ನೊಂದ ಜೀವ, ಒಂದು ಹೆಸರಿನಲ್ಲಿ ಏನಿದೆ ಎಂದುಕೊಂಡಳು. ಇಂಥ ಒಳ್ಳೆಯತನದ ಕಿವಿ ಹಿಂಡಬೇಕು ಎನ್ನಿಸುತ್ತದೆ. ಅವತ್ತಿನಿಂದ ಅದೇ ಹೆಸರು ಖಾಯಂ ಆಯಿತು. ವಸಂತ ಬರುವಷ್ಟರಲ್ಲಿ ಊರಿನಿಂದ ಅಮ್ಮ ಫೋನಿನಲ್ಲಿ “ದೆನೀ” ಎಂದರೆ, ಯಾರನ್ನು ಕರೆಯುತ್ತಿದ್ದಾಳೆ ಎಂದು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ಅದು ಅವಳಿಗೆ ನಿಜಕ್ಕೂ ಭಯ ಹುಟ್ಟಿಸಿತು. ಆದರೂ ಅತ್ತೆ “ಕಲಿನಾ” ಎಂದರೆ “ಬಂದೆ” ಎನ್ನುತ್ತಲೇ ಇದ್ದಳು.

ಜೂನ್‌ನಲ್ಲಿ ಕಲಿನಾಳ ವರ್ಷದ ದಿನ ಬಂತು. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಲೋಟಗಳಿಗೆ ತುಂಬಿದ ಅತ್ತೆ, “ಗೇಟ್ ಹತ್ರ ನಿಂತು ಹಂಚಮ್ಮ” ಎಂದಳು. ಮೊದಲು ಬಂದವಳು ಎದುರುಮನೆಯ ಮುದುಕಿ ಸ್ತಾಮೆನಾ. ಲೋಟಕ್ಕೆ ಕೈಚಾಚಿದವಳು ಗೇಟಿನತ್ತ ನೋಡಿದಳು, ದೆನಿತ್ಸಾಳ ಮುಖ ನೋಡಿದಳು, ಕೈ ಹಿಂದಕ್ಕೆಳೆದುಕೊಂಡು ಶಿಲುಬೆಯ ಗುರುತು ಹಾಕಿಕೊಂಡಳು.

“ಅಯ್ಯೋ ದೇವ್ರೇ! ಇದೇನೇ ಹುಡುಗಿ, ನಿನ್ ತಿಥಿ ಗೋಧಿನ ನೀನೇ ಹಂಚ್ತಿದ್ದೀಯ?”

ದೆನಿತ್ಸಾ ತಿರುಗಿದಳು. ಗೇಟಿನ ಮೇಲೆ ಹೊಸ ಕಾಗದ, ಅಂಟು ಇನ್ನೂ ಹಸಿಯಾಗಿತ್ತು. ಕಾಲೇಜಿನ ಕಾರ್ಡಿಗೆಂದು ತೆಗೆಸಿ ಮೇಜಿನ ಮೇಲಿಟ್ಟಿದ್ದ ಅವಳದೇ ಫೋಟೋ ಅದರಲ್ಲಿತ್ತು. ಕೆಳಗೆ ಕಲಿನಾ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಹಳೇದ್ರಲ್ಲಿ ಮುಖಾನೇ ಕಾಣ್ತಿರ್ಲಿಲ್ಲ. ಇದ್ರಲ್ಲಿ ಎಷ್ಟು ಲಕ್ಷಣವಾಗಿದ್ದೀಯ ನೋಡು,” ಎಂದು ನಕ್ಕಳು.

ಅಲ್ಲಿನವರ ನಂಬಿಕೆಯಂತೆ ಆ ಕಾಗದವನ್ನು ಮನುಷ್ಯರು ಕೀಳುವಂತಿಲ್ಲ. ಗಾಳಿಯೋ ಮಳೆಯೋ ಕಿತ್ತರೆ ಉಂಟು. ಬೀದಿಯವರೆಲ್ಲ ನೋಡುತ್ತಿದ್ದಂತೆ ದೆನಿತ್ಸಾ ಉಗುರು ಹಾಕಿ ಅದನ್ನು ಕಿತ್ತಳು.

“ನಾನು ದೆನಿತ್ಸಾ, ಅತ್ತೆ. ನಾನು ಬದುಕಿದ್ದೀನಿ.”

ಪೆನ್ಕಾ ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಗಷ್ಟೇ ಬಂದು ಬಾಗಿಲು ತಟ್ಟಿದ ಅಪರಿಚಿತಳನ್ನು ನೋಡುವ ಹಾಗೆ.

“ಹಾಗಾದ್ರೆ ಕಲಿನಾ ಎಲ್ಲಿ?”

ಹಿತವಾದ ಉತ್ತರವೊಂದು ದೆನಿತ್ಸಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಸತ್ತೋದ್ಲು, ಅತ್ತೆ.”

ಅತ್ತೆ ಗೇಟು ಹಿಡಿದುಕೊಂಡೇ ಕುಸಿದಳು. ಒಂದು ವರ್ಷ ತಡವಾಗಿ ಆ ಮನೆಯಲ್ಲಿ ಅಳು ಶುರುವಾಯಿತು. ಸಮಾಧಾನದ ಒಂದು ಸುಳ್ಳನ್ನೂ ಹೇಳದೆ ದೆನಿತ್ಸಾ ಪಕ್ಕದಲ್ಲಿ ಕೂತಳು.