ಬಲತೋಳಿನ ಬಣ್ಣ

ಅತ್ತೆ ಕಣ್ಣು ಮುಚ್ಚುವ ಮುಂಚೆ ಸೊಸೆಯ ಕೈ ಹಿಡಿದು ಒಂದು ಮಾತು ತೆಗೆದುಕೊಂಡಿದ್ದರು. ದಿನಾ ಊಟಕ್ಕೆ ಮೊದಲು ಸತ್ಯವೇದದ ಒಂದು ಭಾಗ ಓದಬೇಕು, ಅದು ಆ ದಿನದ ಬದುಕಿನಲ್ಲಿ ಎಲ್ಲಿ ಎದುರಾಯಿತೆಂದು ಮಗಳಿಗೆ ಹೇಳಬೇಕು. "ಆದ್ರೆ ನಡೆದದ್ದನ್ನೇ ಹೇಳಮ್ಮ. ಮಗೂಗೆ ಕಟ್ಟುಕತೆ ಉಣಿಸಬೇಡ." ಸೊಸೆ ಆಗಲಿ ಅಂದಿದ್ದಳು.

ಹೊಲಿಗೆ ಅಂಗಡಿಯ ಕೆಲಸದಲ್ಲಿ ಇಂಥ ಪಾಠಗಳಿಗೆ ಬರವಿಲ್ಲ. ಕಳೆದ ನಾಣ್ಯ ಹುಡುಕಿದವಳ ಕತೆ ಬಂದ ದಿನ ಅವಳು ಬಿದ್ದ ಸೂಜಿಗಾಗಿ ನೆಲ ತಡಕಿದ್ದನ್ನು ಹೇಳಿದ್ದಳು. ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಬಾರದೆಂಬ ಭಾಗ ಬಂದಾಗಲಂತೂ ಮಗಳು, "ಯೇಸು ನಿಮ್ಮಂಗಡೀಲಿ ಕೆಲಸಕ್ಕಿದ್ರಾ ಅಮ್ಮ?" ಎಂದಿದ್ದಳು. ಮಾತಿಗೆ ಮಾತು ಜೋಡಿಸುವ ಆ ಹುಡುಗಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು.

ಒಂದು ದಿನ ಅಂಗಡಿಯಲ್ಲಿ ವೆಲ್ವೆಟ್ ಕೋಟೊಂದು ಹೊಲಿದು ಸಿದ್ಧವಾಯಿತು. ವೆಲ್ವೆಟ್ಟಿಗೆ ಬೆಕ್ಕಿನ ಮೈಗೂದಲಿನಂತೆ ಒಂದು ದಿಕ್ಕಿರುತ್ತದೆ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗಿಟ್ಟು ಕತ್ತರಿಸದಿದ್ದರೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಅವಳು ಬಲತೋಳನ್ನು ತಲೆಕೆಳಗಾಗಿ ಕತ್ತರಿಸಿದ್ದಳು. ಗಿರಾಕಿ ಕನ್ನಡಿಯ ಮುಂದೆ ನಿಂತಾಗ ಆ ಒಂದು ತೋಳು ಮಸಿ ಬಳಿದಂತಿತ್ತು.

"ಯಾರು ಮಾಡಿದ್ದಿದು?" ಯಜಮಾನರು ಕೇಳಿದರು.

"ಇಸ್ತ್ರಿ ಜಾಸ್ತಿ ಒತ್ತಿರಬೇಕು ಸಾರ್," ಎಂದಳು. ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ಇಸ್ತ್ರಿ ಮೇಜಿನ ಮುದುಕಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. "ನಾನು ಮೇಲೆ ಮೇಲೆ ಹಬೆ ಹಿಡಿದೆ ಅಷ್ಟೇ ಕಣಪ್ಪ," ಎಂದ ಮುದುಕಿ ಇವಳತ್ತ ತಿರುಗಿದಳು. "ನೀನು ಪಕ್ಕದಲ್ಲೇ ಇದ್ಯಲ್ಲಮ್ಮ, ನೋಡಿದ್ಯಲ್ಲ?"

"ನಾನು ನೋಡ್ಲಿಲ್ಲ ದೊಡ್ಡಮ್ಮ."

ನಾಳೆಯಿಂದ ಬರಬೇಡ ಎಂದರು ಯಜಮಾನರು. ದೊಡ್ಡಮ್ಮ ನೀರಿನ ಬಾಟಲಿಯನ್ನೂ ತಾನು ಕೂರುವ ದಿಂಬನ್ನೂ ಎತ್ತಿಕೊಂಡಳು. ಬಾಗಿಲಲ್ಲಿ ನಿಂತು, ದಿನಾ ಹೇಳುವಂತೆಯೇ, "ಹೊತ್ತಾಯ್ತು ಹೊರಡಮ್ಮ, ಮಗು ಕಾಯ್ತಿರತ್ತೆ," ಎಂದು ಹೋದಳು.

ಮನೆಯಲ್ಲಿ, ಗುರುತಿಗೆ ದಾರ ಇಟ್ಟಿದ್ದ ಪುಟ ತೆರೆದಾಗ ಅಲ್ಲಿದ್ದದ್ದು ಪೇತ್ರನ ಕತೆ. ಯೇಸುವನ್ನು ಹಿಡಿದೊಯ್ದ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತ ಆ ಶಿಷ್ಯ, ಆ ಮನುಷ್ಯನನ್ನು ತಾನು ಅರಿಯೆನೆಂದು ಮತ್ತೆ ಮತ್ತೆ ಹೇಳಿದ್ದು, ಆಮೇಲೆ ಕೋಳಿ ಕೂಗಿದ್ದು, ಅವನು ಅತ್ತದ್ದು. ಅವಳು ಓದಿ ಮುಗಿಸಿದಳು.

"ಪಾಪ, ಹೆದರಿಬಿಟ್ಟಿದ್ದ," ಎಂದಳು ಮಗಳು. "ಆದ್ರೆ ಆಮೇಲೆ ಅತ್ನಲ್ಲ. ಸರಿ, ಇವತ್ತು ನಿಂದೇನಮ್ಮ?"

ನಿಜ ಹೇಳಿದರೆ ಬೆಳಿಗ್ಗೆ ಯಜಮಾನರ ಮುಂದೆಯೂ ಹೇಳಬೇಕಾಗುತ್ತದೆ, ಲಾಯರಮ್ಮ ಅಷ್ಟಕ್ಕೇ ಬಿಡುವವಳಲ್ಲ. ಆಗ ಕೆಲಸ ಕಳೆದುಕೊಂಡು ಮನೆಗೆ ಹೊರಡುವ ಸರದಿ ತನ್ನದು. ಅವಳು ಪುಸ್ತಕ ಮುಚ್ಚಿದಳು.

"ಅಂಗಡೀಲಿ ಒಬ್ರ ಮೇಲೆ ಸುಮ್ಸುಮ್ನೆ ತಪ್ಪು ಹೊರಿಸಿದ್ರು. ನಾನು ಅವರ ಪರವಾಗಿ ಮಾತಾಡ್ದೆ."

"ನೋಡ್ದ್ಯಾ, ಪೇತ್ರನಿಗಿಂತ ನೀನೇ ವಾಸಿ," ಎಂದು ಮಗಳು ನಗುತ್ತ ತಟ್ಟೆ ಎಳೆದುಕೊಂಡಳು. "ಅಜ್ಜಿ ಇದ್ದಿದ್ರೆ ಖುಷಿ ಪಡ್ತಿದ್ರು."

ತಾಯಿ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅತ್ತೆಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.